ಕೊನೆಯ ಸ್ವರಕ್ಕೆ ಕಾದ ಮಾತು

ನಮ್ಮೂರಿನಲ್ಲಿ ಯಾವ ರಾಗವನ್ನೂ ಅರ್ಧಕ್ಕೆ ಬಿಡುವ ಹಾಗಿಲ್ಲ. ಬಿಟ್ಟರೆ, ಅದು ಯಾರ ಯಾರ ಕಿವಿಗೆ ಬಿದ್ದಿತ್ತೋ ಅವರು ಆ ಗಳಿಗೆಯಲ್ಲಿ ಮಾಡುತ್ತಿದ್ದ ಕೆಲಸವೂ ಅರ್ಧಕ್ಕೇ ನಿಂತುಬಿಡುತ್ತದೆ. ಬೇರೆಲ್ಲ ಕೆಲಸ ಮಾಡಿಕೊಂಡಿರಬಹುದು, ಉಣ್ಣಬಹುದು, ಮಲಗಬಹುದು. ಅದೊಂದು ಮಾತ್ರ ಆಗುವುದಿಲ್ಲ. ಯಾವ ವಾದ್ಯದಲ್ಲಿ ಶುರುವಾಗಿತ್ತೋ ಅದೇ ವಾದ್ಯದಲ್ಲಿ ಯಾರಾದರೂ ಆ ರಾಗವನ್ನು ಮೊದಲಿಂದ ಕೊನೆ ಮುಟ್ಟಿಸಬೇಕು. ಫೋನಿನಲ್ಲಿ ಬರುವ ರಾಗ ನಿಂತರೂ ಮುಗಿದರೂ ಲೆಕ್ಕಕ್ಕಿಲ್ಲ, ಅದನ್ನೂ ನೋಡಿದ್ದಾಗಿದೆ. ಆದ್ದರಿಂದ ನಮ್ಮಲ್ಲಿ ಸೊಪ್ಪಿನವನು ರಾಗ ಎಳೆದು ಕೂಗುವುದಿಲ್ಲ, ವಾರ್ತೆ ಓದುವವನ ಹಾಗೆ ಒಣದಾಗಿ ಹೇಳುತ್ತಾ ಹೋಗುತ್ತಾನೆ. ಮಗು ಜೋಗುಳದ ಮೊದಲ ಸಾಲಿಗೇ ನಿದ್ದೆ ಹೋದರೂ ತಾಯಿ ಆಕಳಿಸುತ್ತಾ ಕೊನೆಯ ಸಾಲಿನವರೆಗೂ ಹಾಡುತ್ತಾಳೆ. ಮದುವೆಯಲ್ಲಿ ಊಟ ಮುಗಿದು ಎಲೆ ಎತ್ತಿದ ಮೇಲೂ ವಾಲಗದವರು ಖಾಲಿ ಕುರ್ಚಿಗಳ ಮುಂದೆ ಊದುತ್ತಾ ಕೂತಿರುತ್ತಾರೆ. ಯಾರಾದರೂ ಮೈಮರೆತು ಸಿಳ್ಳೆ ಹಾಕಿ ನಡುವೆ ನಿಲ್ಲಿಸಿದರೆ ಜನ ಅವನ ಕಾಲರ್ ಹಿಡಿದು, ಮುಗಿಸಪ್ಪ, ಮುಗಿಸಿ ಹೋಗು ಎನ್ನುತ್ತಾರೆ. ಹೊರಗಿನವರಿಗೆ ಇದು ವಿಚಿತ್ರವಂತೆ. ನಮಗೆ ಇದು ವಾರಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರದೆ ಇರುವಷ್ಟೇ ಮಾಮೂಲು.

ನಾನು ಇಲ್ಲಿನ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಊರು ಯಾವ ನಕಾಶೆಯಲ್ಲೂ ಇಲ್ಲ, ಅದನ್ನು ಮಕ್ಕಳು ಕೇಳಿದಾಗೆಲ್ಲ ನಾನು ಮಾತು ತೇಲಿಸುತ್ತೇನೆ. ಬಾಡಿಗೆಗೆ ಇರುವುದು ಕುಮುದಮ್ಮನವರ ಮನೆಯ ಮಹಡಿಯಲ್ಲಿ. ಕೆಳಗೆ ಅವರೂ ಅವರ ಯಜಮಾನರು ವಾಮನಮೂರ್ತಿಗಳೂ ಇರುತ್ತಾರೆ. ಮೂರ್ತಿಗಳು ನೀರು ಸರಬರಾಜು ಕಚೇರಿಯಿಂದ ನಿವೃತ್ತರಾದವರು. ಕೆಟ್ಟ ಮನುಷ್ಯರಲ್ಲ, ಆದರೆ ಅವರ ಬಾಯಿಂದ ಮಾತು ಹೊರಡಿಸುವುದು ಬೇಸಿಗೆಯಲ್ಲಿ ಅವರ ಕಚೇರಿಯಿಂದ ನೀರು ಹೊರಡಿಸಿದಷ್ಟೇ ಕಷ್ಟ. ಕಾಫಿ, ಪೇಪರು, ಬಾಗಿಲು ಹಾಕು, ಇಷ್ಟರಲ್ಲೇ ಅವರ ಸಂಸಾರ ಮಕ್ಕಳಿಲ್ಲದೆ, ಜಗಳವಿಲ್ಲದೆ, ಮೂವತ್ತು ವರ್ಷ ನಡೆದುಹೋಗಿತ್ತು.

ಆ ಮನೆಯ ಹಾಲಿನಲ್ಲಿ ಒಂದು ಪಿಯಾನೊ ಇದೆ. ಕುಮುದಮ್ಮನ ತಂದೆ ಊರಿನ ಕ್ಲಬ್ಬಿನ ಮ್ಯಾನೇಜರ್ ಆಗಿದ್ದವರು. ಕ್ಲಬ್ಬು ಮುಚ್ಚಿದಾಗ ಅದನ್ನು ಹೊತ್ತುಕೊಂಡು ಹೋಗಲು ಯಾರೂ ಮುಂದೆ ಬರಲಿಲ್ಲ, ಹೀಗಾಗಿ ಮಗಳ ಮನೆಗೆ ಬಂತು. ಎಷ್ಟೋ ವರ್ಷ ಅದರ ಮೇಲೆ ಇಸ್ತ್ರಿ ಬಟ್ಟೆ ಇಡುತ್ತಿದ್ದರು. ಮೂರ್ತಿಗಳು ನಿವೃತ್ತರಾಗಿ ಇಡೀ ದಿನ ಮನೆಯಲ್ಲಿ ಸುಮ್ಮನೆ ಕೂರತೊಡಗಿದ ಮೇಲೆ, ಆ ಸುಮ್ಮನೆಯನ್ನು ತಾಳಲಾರದೆ ಕುಮುದಮ್ಮ ಫೋನಿನಲ್ಲಿ ಪಾಠದ ವಿಡಿಯೋ ಹಾಕಿಕೊಂಡು ಪಿಯಾನೊ ಕಲಿಯಲು ಕೂತರು. ನಮ್ಮಂಥ ಊರಿನಲ್ಲಿ ವಾದ್ಯ ಕಲಿಯುವುದು ಹುಡುಗಾಟವಲ್ಲ, ಕಲಿಯುವವರು ನಿಲ್ಲಿಸದೆ ಇರುವುದುಂಟೇ. ಅದಕ್ಕೆ ಅವರು ಪಿಯಾನೊದ ಒಳಗೆ, ತಂತಿಗೂ ಸುತ್ತಿಗೆಗೂ ನಡುವೆ ತಮ್ಮ ಹಳೆ ಕಾಟನ್ ಸೀರೆಗಳನ್ನೆಲ್ಲ ತುರುಕಿದ್ದರು. ಕಿವಿಗೆ ಇಯರ್‌ಫೋನ್. ಬಾರಿಸಿದರೆ ತಪ್ ತಪ್ ಅನ್ನುವುದೊಂದೇ ಸದ್ದು. ಒಂದು ರಾಗ ಪೂರ್ತಿ ಕೈಗೆ ಕೂತ ಮೇಲೆ ಸೀರೆಗಳನ್ನು ಎಳೆದು ಹಾಕಿ, ಕಿಟಕಿ ತೆಗೆದು, ಒಂದೇ ಸಲ ಗಟ್ಟಿಯಾಗಿ ನುಡಿಸುವುದು. ಹೀಗೆ ನಾಲ್ಕಾರು ಸಣ್ಣಪುಟ್ಟ ರಾಗಗಳು ಅವರ ಕೈವಶವಾಗಿದ್ದವು.

ಆಮೇಲೆ ಫೋನಿನಲ್ಲಿ ಅವರ ಕಣ್ಣಿಗೆ ಬಿದ್ದಳು ಹಳದಿ ಸ್ವೆಟರಿನ ಹುಡುಗಿ. ಯಾವ ದೇಶದವಳೋ, ಯಾವ ಭಾಷೆಯೋ. ಸುಲಭದ್ದೊಂದು ರಾಗವನ್ನು ತೆಗೆದುಕೊಂಡು, ಎರಡು ಕೈಗೂ ಹಂಚಿ, ಎಡಗೈಯನ್ನು ಬಲಗೈಯ ಮೇಲಿಂದ ದಾಟಿಸಿ, ನೋಡಿದವರು ತಲೆ ಮೇಲೆ ಕೈ ಹೊತ್ತು ಕೂರುವಷ್ಟು ಕಷ್ಟ ಮಾಡಿ ಕಲಿಸುತ್ತಿದ್ದಳು. ಇಷ್ಟೆಲ್ಲ ಬಿಟ್ಟು ಇದೇ ಯಾಕೆ ಎಂದು ನಾನು ಒಮ್ಮೆ ಕೇಳಿದ್ದೆ. ಅವಳ ಎರಡು ಕೈಗಳೂ ಒಂದನ್ನೊಂದು ಮಾತಾಡಿಸುತ್ತವೆ, ಈ ಮನೆಯಲ್ಲಿ ಅಷ್ಟು ಮಾತು ಕೇಳಿ ಯಾವ ಕಾಲವಾಯಿತೋ ಎಂದರು. ಅವರು ಮಳೆಗಾಲವೆಲ್ಲ ಅದೊಂದೇ ವಿಡಿಯೋ ಹಿಡಿದು ಕೂತರು. ಅವಳ ಮಾತು ಒಂದಕ್ಷರವೂ ತಿಳಿಯದು, ಬೆರಳು ನೋಡಿ ಕಲಿತದ್ದು. ವಿಡಿಯೋದ ಕೊನೆಗೆ ಆ ಹುಡುಗಿ ಏನೋ ಹೇಳಿ, ನಕ್ಕು, ಕೈ ಬೀಸುತ್ತಾಳೆ. ರಾಗ ಮುಗಿಯಿತು ಎಂದು ಯಾರು ಬೇಕಾದರೂ ತಿಳಿದುಕೊಳ್ಳುತ್ತಿದ್ದರು.

ಆ ಭಾನುವಾರ ಬೆಳಿಗ್ಗೆ ಸೀರೆಗಳು ಹೊರಗೆ ಬಂದವು, ಕಿಟಕಿ ತೆರೆಯಿತು. ಪಿಯಾನೊದ ಸದ್ದು ಬಸ್ ಸ್ಟ್ಯಾಂಡಿನವರೆಗೂ ಹೋಗುತ್ತಿತ್ತು. ಕುಮುದಮ್ಮ ಒಂದೂ ತಪ್ಪಿಲ್ಲದೆ ನುಡಿಸಿದರು, ನಾನೇ ಮಹಡಿಯಲ್ಲಿ ಕೂತು ಭಲೆ ಎಂದುಕೊಂಡೆ. ಅವರು ಕೊನೆಯ ಸಾಲಿಗೆ ಬಂದಾಗ, ಊಟದ ಮೇಜಿನ ಹತ್ತಿರ ಕೂತಿದ್ದ ಮೂರ್ತಿಗಳು ಪೇಪರು ಕೆಳಗಿಟ್ಟು ಹೆಂಡತಿಯ ಬೆನ್ನು ನೋಡುತ್ತಾ ಮಾತು ತೆಗೆದರು.

“ನೋಡು ಕುಮುದಾ, ನೀನೊಬ್ಬಳು ಇಲ್ಲದೇ ಇದ್ದಿದ್ರೆ ನಾನು” ಎಂದರು. ಅಷ್ಟರಲ್ಲಿ ಕುಮುದಮ್ಮ ಪಿಯಾನೊದಿಂದ ಕೈ ಎತ್ತಿದರು. ಮಾತೂ ನಿಂತಿತು.

ಮೂರ್ತಿಗಳು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಏನೂ ಬರಲಿಲ್ಲ. ಅದೇ ಹೊತ್ತಿಗೆ ನಾನು ಪೇಟೆಗೆ ಹೊರಟು ಬಲಗಾಲನ್ನು ಚಪ್ಪಲಿಗೆ ತೂರಿಸುತ್ತಿದ್ದೆ. ಕಾಲು ಅರ್ಧ ಹೋಗಿ ನಿಂತಿತು, ಏನು ತಿಪ್ಪರಲಾಗ ಹಾಕಿದರೂ ಹಿಮ್ಮಡಿ ಒಳಗೆ ಹೋಗಲಿಲ್ಲ. ಹೋಟೆಲಿನ ಗೋಪಾಲ ಭಟ್ಟರ ಬಾಣಲೆಯಲ್ಲಿ ಒಂದು ಒಬ್ಬೆ ಬೋಂಡಾ ಬಿಳಿಚಿಕೊಂಡು ತೇಲುತ್ತಾ ಉಳಿಯಿತು, ಕೆಳಗೆ ಎಷ್ಟು ಬೆಂಕಿ ಉರಿಸಿದರೂ ಕೆಂಪಾಗಲಿಲ್ಲ. ಎಲ್ಲಕ್ಕಿಂತ ದೊಡ್ಡ ಪಜೀತಿ ಬಸ್ ಸ್ಟ್ಯಾಂಡಿನಲ್ಲಿ. ಪುರಸಭೆ ಅಧ್ಯಕ್ಷ ಹಾಲಪ್ಪನವರು ಹೊಸ ಸಾರ್ವಜನಿಕ ಶೌಚಾಲಯದ ಟೇಪು ಕತ್ತರಿಸುತ್ತಿದ್ದರು. ಟೇಪು ಅರ್ಧ ಮಾತ್ರ ತುಂಡಾಯಿತು. ಉದ್ಘಾಟನೆ ಆಗದೆ ಯಾರೂ ಒಳಗೆ ಹೋಗುವ ಹಾಗಿಲ್ಲ ಎಂದು ಪೊಲೀಸರನ್ನು ಕಾವಲಿಗೆ ನಿಲ್ಲಿಸಿದರು.

ಜನ ಕುಮುದಮ್ಮನ ಮನೆ ಬಾಗಿಲಿಗೆ ಬಂದರು. ಬೈಯಲು ಬಂದವರೇ, ಆದರೆ ಅವರ ಮುಖ ನೋಡಿ ಯಾರಿಗೂ ಬಾಯಿ ಬರಲಿಲ್ಲ. ರಾಗ ಮುಗಿಸಿದ್ದೆನಲ್ಲ ಎಂದು ಅವರು ಹೇಳುತ್ತಲೇ ಇದ್ದರು. ನಾನು ಫೋನು ಇಸಿದುಕೊಂಡು ನೋಡಿದೆ. ವಿಡಿಯೋದ ಮೂಲೆಯಲ್ಲಿ ಸಣ್ಣದಾಗಿ ಒಂದು ಎಂಬ ಅಂಕಿ ಇತ್ತು. ಕೆಳಗೆ ಹುಡುಕಿದರೆ ಎರಡು, ಮೂರು ಎಂಬ ಅಂಕಿಯ ವಿಡಿಯೋಗಳಿದ್ದವು, ನಾಲ್ಕನೆಯದು ಇನ್ನೂ ಬಂದಿರಲಿಲ್ಲ. ಆ ಹುಡುಗಿ ಕೊನೆಗೆ ಹೇಳುತ್ತಿದ್ದದ್ದು, ಉಳಿದದ್ದು ಮುಂದಿನ ಪಾಠದಲ್ಲಿ ಎಂದು. ನಾನು ಇದನ್ನು ಹೇಳಿದಾಗ ಕುಮುದಮ್ಮ ಪಿಯಾನೊದ ಮುಚ್ಚಳ ಹಾಕಿ ಅದರ ಮೇಲೆ ತಲೆಯಿಟ್ಟು ಕೂತರು.

ಆದರೆ ಸಂಜೆಯ ಹೊತ್ತಿಗೆ ಅವರಿಗೆ ಬೋಂಡಾ, ಟೇಪು, ನನ್ನ ಚಪ್ಪಲಿ ಎಲ್ಲ ಮರೆತುಹೋಗಿ ಗಂಡನ ಮಾತೊಂದೇ ತಲೆಯಲ್ಲಿ ಕೂತಿತು. ನೀನೊಬ್ಬಳು ಇಲ್ಲದೇ ಇದ್ದಿದ್ದರೆ ನಾನು, ಏನು? ಏನು ಹೇಳಹೊರಟಿರಿ ಎಂದು ಕೇಳಿದರು. ಮೂರ್ತಿಗಳಿಗೆ ಗೊತ್ತಿರಲಿಲ್ಲ. ಆ ಮಾತಿನ ಕಡೆ ತಿರುಗಿದರೆ ಸಾಕು, ನಾನು ಎಂಬಲ್ಲಿಗೆ ಬಂದು ಬುದ್ಧಿಯೇ ನಿಂತುಬಿಡುತ್ತಿತ್ತು. ಕಾಗದ ಕೊಟ್ಟು ಬರೆಯಿರಿ ಎಂದರೆ ಪೆನ್ನೂ ಅಲ್ಲೇ ನಿಂತಿತು. ಆಚೆ ಮನೆಯ ಹೆಂಗಸರು ಬಂದು ತಮಗೆ ತೋಚಿದ ಹಾಗೆ ಮುಗಿಸಿಕೊಟ್ಟರು. ನಾನು ಬದುಕುತ್ತಲೇ ಇರಲಿಲ್ಲ ಎಂದು ಒಬ್ಬರು. ನಾನು ಸನ್ಯಾಸಿಯಾಗುತ್ತಿದ್ದೆ ಎಂದು ಇನ್ನೊಬ್ಬರು. ಕುಮುದಮ್ಮ ಎಲ್ಲವನ್ನೂ ಕೇಳಿಸಿಕೊಂಡು ಕಾಫಿ ಕೊಟ್ಟು ಕಳಿಸಿದರು. ಮಾರನೆಯ ದಿನ ಸೀರೆಗಳು ಮತ್ತೆ ಪಿಯಾನೊದ ಹೊಟ್ಟೆ ಸೇರಿದವು, ಎರಡನೆಯ ಪಾಠ ಶುರುವಾಯಿತು.

ಎರಡನೆಯ ಪಾಠ ಮೊದಲನೆಯದರ ಅಪ್ಪನಂತಿತ್ತು. ಎರಡು ಕೈಯೂ ಪಿಯಾನೊದ ಮೇಲೆ, ವಿಡಿಯೋ ನಿಲ್ಲಿಸಲು, ಹಿಂದಕ್ಕೆ ಎಳೆಯಲು ಮೂರನೆಯ ಕೈ ಎಲ್ಲಿಂದ ತರುವುದು? ಕುಮುದಮ್ಮ ಪರದಾಡುವುದನ್ನು ನೋಡಿ ನೋಡಿ ಒಂದು ದಿನ ಮೂರ್ತಿಗಳು ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತು ಫೋನು ಹಿಡಿದರು. ಇಯರ್‌ಫೋನಿನ ಒಂದು ತುದಿ ಅವರ ಕಿವಿಗೆ, ಇನ್ನೊಂದು ಇವರ ಕಿವಿಗೆ. ಮೊದಮೊದಲು ನಿಲ್ಲಿಸಿ, ಹಿಂದೆ ಹೋಗಿ ಎಂದು ಕುಮುದಮ್ಮ ಹೇಳಬೇಕಿತ್ತು. ಬರಬರುತ್ತಾ ಮೂರ್ತಿಗಳಿಗೇ ತಿಳಿಯತೊಡಗಿತು. ಹೆಂಡತಿ ಎಡಗೈ ದಾಟಿಸುವ ಮುಂಚೆ ಉಸಿರು ಹಿಡಿಯುತ್ತಾಳೆ, ಅಲ್ಲೇ ತಪ್ಪುತ್ತಾಳೆ. ಅವರು ಉಸಿರು ಬಿಡು ಎಂದು ಹೇಳಿ, ಆಮೇಲೆ ವಿಡಿಯೋ ಬಿಡುತ್ತಿದ್ದರು. ಅರ್ಧ ವೇಗದಲ್ಲಿ ಓಡಿಸಿದರೆ ಆ ಹುಡುಗಿಯ ಮಾತು ಕುಡಿದವರ ಮಾತಿನಂತೆ ಕೇಳುತ್ತಿತ್ತು. ಒಂದು ಮಧ್ಯಾಹ್ನ ಮೂರ್ತಿಗಳು ಅವಳ ಹಾಗೆ ಎಳೆದೆಳೆದು ಮಾತಾಡಿ ತೋರಿಸಿದರಂತೆ. ಕೆಳಗಿಂದ ಕುಮುದಮ್ಮ ನಗುವ ಸದ್ದು ಮಹಡಿಗೆ ಕೇಳಿತು. ಆ ಮನೆಗೆ ಬಾಡಿಗೆಗೆ ಬಂದ ಮೇಲೆ ನಾನು ಆ ಸದ್ದು ಕೇಳಿದ್ದು ಅದೇ ಮೊದಲು.

ಊರು ತನ್ನ ಪಾಡಿಗೆ ಹೊಂದಿಕೊಂಡಿತು. ಗೋಪಾಲ ಭಟ್ಟರು ಹೊಸ ಬಾಣಲೆ ತಂದು ಹಳೆಯದನ್ನು ಹೋಟೆಲಿನ ಮುಂದೆ ಇಟ್ಟರು, ಬಿಳಿ ಬೋಂಡಾ ನೋಡಲು ಬಂದವರು ಕಾಫಿ ಕುಡಿದು ಹೋಗುತ್ತಿದ್ದರು. ನಾನು ಒಂದು ಕಾಲು ಎಳೆಯುತ್ತಾ ಶಾಲೆಗೆ ಹೋಗುತ್ತಿದ್ದೆ. ಹಾಲಪ್ಪನವರು ಮಾತ್ರ ದಿನಾ ಬಂದು ಪಾಠ ಎಲ್ಲಿಗೆ ಬಂತು ಎಂದು ವಿಚಾರಿಸುತ್ತಿದ್ದರು. ಬಸ್ಸಿಳಿದ ಜನ ಶೌಚಾಲಯದ ಮುಂದೆ ಕಾಲು ಬದಲಿಸುತ್ತಾ ನಿಂತು ನನ್ನ ಅಪ್ಪ ಅಮ್ಮನನ್ನೆಲ್ಲ ನೆನೆದು ಬೈಯುತ್ತಿದ್ದಾರೆ, ಚುನಾವಣೆ ಹತ್ತಿರ ಬರುತ್ತಿದೆ, ಸ್ವಲ್ಪ ಬೇಗ ಬೆರಳಾಡಿಸಬೇಕು ತಾಯಿ ಎಂದು ಅಂಗಲಾಚುತ್ತಿದ್ದರು.

ಮೂರನೆಯ ಪಾಠವೂ ಕೈಗೆ ಬಂತು. ನಾಲ್ಕನೆಯದು ಬರಲಿಲ್ಲ. ಊರೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಿತು. ಕೊನೆಗೆ ಊರಿನವರೆಲ್ಲ ಆ ವಿಡಿಯೋದ ಕೆಳಗೆ ಬರೆಯತೊಡಗಿದರು. ಗೋಪಾಲ ಭಟ್ಟರು ಬೋಂಡಾದ ಫೋಟೋ ಹಾಕಿದರು, ಹಾಲಪ್ಪನವರು ಪುರಸಭೆಯ ಸೀಲಿರುವ ಮನವಿ ಹಾಕಿದರು. ಅವಳಿಗೆ ಏನು ತಿಳಿಯಿತೋ, ಅಭಿಮಾನಿಗಳು ಉಕ್ಕಿ ಹರಿಯುತ್ತಿದ್ದಾರೆ ಎಂದುಕೊಂಡಳೋ ಏನೋ, ಹೃದಯದ ಚಿತ್ರ ಹಾಕಿ ಉತ್ತರ ಬರೆದಳು. ನಾನು ಯಂತ್ರದ ಅನುವಾದಕ್ಕೆ ಕೊಟ್ಟು ಓದಿದೆ. ಕೊನೆಯ ಭಾಗ ತುಂಬ ಕಷ್ಟ, ನನಗೇ ಇನ್ನೂ ಬರುವುದಿಲ್ಲ, ಕಲಿಯುತ್ತಿದ್ದೇನೆ ಎಂದಿದ್ದಳು. ಕುಮುದಮ್ಮನಿಗೆ ಸಿಟ್ಟು ಬರಲಿಲ್ಲ. ಪಾಪ, ಅವಳೂ ಸಿಕ್ಕಿಹಾಕಿಕೊಂಡಿದ್ದಾಳೆ ಎಂದರು.

ಚಳಿ ಬಿಟ್ಟ ಮೇಲೆ ನಾಲ್ಕನೆಯ ಪಾಠ ಬಂತು. ಎಲ್ಲ ಕಷ್ಟವನ್ನೂ ಕುಮುದಮ್ಮ ದಾಟಿದರು, ಕಟ್ಟಕಡೆಯ ಜಾಗದಲ್ಲಿ ಸೋತರು. ಅಲ್ಲಿ ಎರಡು ಕೈಯನ್ನೂ ಅಗಲಿಸಿ ಹತ್ತೂ ಬೆರಳಲ್ಲಿ ಸ್ವರಗಳನ್ನು ಒತ್ತಿ ಹಿಡಿದು, ಅವು ನುಡಿಯುತ್ತಿರುವಾಗಲೇ ಬಲಗೈಯ ಕಿರುಬೆರಳನ್ನಷ್ಟೇ ಎತ್ತಿ ಚಾಚಿ ಬಲತುದಿಯ ಒಂದು ಬಿಳಿ ಕೀ ಮುಟ್ಟಬೇಕು. ಆ ಹುಡುಗಿಯ ಕಿರುಬೆರಳು ಪಡವಲಕಾಯಿಯಷ್ಟು ಉದ್ದ. ಕುಮುದಮ್ಮನದು ಬೆಂಡೆಕಾಯಿ. ಎಷ್ಟು ಚಾಚಿದರೂ ಎಟುಕಲಿಲ್ಲ. ಪಕ್ಕದಲ್ಲಿ ಫೋನು ಹಿಡಿದು ಕೂತಿದ್ದ ಮೂರ್ತಿಗಳು, ಅದೊಂದನ್ನು ನಾನು ಒತ್ತಲೇ ಎಂದರು. ಸೀರೆ ತುಂಬಿದ ಪಿಯಾನೊದ ಮೇಲೆ ಒತ್ತಿದರು. ತಪ್ ಎಂದಿತು. ಇಬ್ಬರಿಗೂ ಅದು ಸರಿ ಎನ್ನಿಸಿತು. ಬರುವ ಭಾನುವಾರ ನುಡಿಸುವುದು ಎಂದು ಹಾಲಪ್ಪನವರಿಗೆ ಹೇಳಿ ಕಳಿಸಿದರು.

ಶನಿವಾರ ಮಧ್ಯಾಹ್ನ ನಾನು ಬಾಡಿಗೆಯ ವಿಷಯ ಮಾತಾಡಲು ಕೆಳಗೆ ಇಳಿದಿದ್ದೆ. ಬಾಗಿಲ ಹತ್ತಿರವೇ ನಿಲ್ಲುವ ಹಾಗಾಯಿತು. ಮೂರ್ತಿಗಳು ಪಿಯಾನೊದ ಬೆಂಚಿನ ತುದಿಯಲ್ಲಿ ಕೂತು, ನುಡಿಸುವುದು ಬೇಡ ಎನ್ನುತ್ತಿದ್ದರು. ಮಾತು ಏನೆಂದು ಅವರಿಗೆ ನೆನಪಿಲ್ಲ, ಆದರೆ ಅದನ್ನು ತೆಗೆದಾಗಿನ ಮನಸ್ಸು ನೆನಪಿದೆಯಂತೆ. ಮಳೆಗಾಲವಿಡೀ ತಪ್ ತಪ್ ಕೇಳಿ ತಲೆ ಚಿಟ್ಟು ಹಿಡಿದಿತ್ತು, ಕಾಫಿ ಆರಿತ್ತು, ಕಿಟಕಿಯಲ್ಲಿ ಜನ ಇಣುಕುತ್ತಿದ್ದರು. ಅದು ಒಳ್ಳೆಯ ಮಾತಾಗಿರಲಾರದು. ಊರಿನವರಿಗೆ ಏನಾದರೊಂದು ನೆಪ ಹೇಳೋಣ, ಹಾಲಪ್ಪ ಇನ್ನೊಂದು ಶೌಚಾಲಯ ಕಟ್ಟಿಸಿಕೊಳ್ಳಲಿ, ಮೇಷ್ಟ್ರು ಹೊಸ ಚಪ್ಪಲಿ ತಗೊಳ್ಳಲಿ, ನಾವು ಹೀಗೇ ಇರೋಣ ಎಂದರು. ಹೊಸ ಚಪ್ಪಲಿಗೂ ಅದೇ ಕಾಲು ತಾನೇ ಹೋಗಬೇಕು ಎಂದು ನನಗೆ ಸಿಟ್ಟು ಬಂತು, ಆದರೂ ಬಾಯಿ ಬಿಡಲಿಲ್ಲ.

ಕುಮುದಮ್ಮ ಬಹಳ ಹೊತ್ತು ಕೀಗಳ ಮೇಲಿನ ಧೂಳು ಒರೆಸಿದರು.

“ಮೂವತ್ತು ವರ್ಷದಲ್ಲಿ ನೀವು ನನ್ನ ಬಗ್ಗೆ ಶುರು ಮಾಡಿದ ಮಾತು ಅದೊಂದೇ ರೀ” ಎಂದರು. “ಕೆಟ್ಟದ್ದಾದರೆ ಕೆಟ್ಟದ್ದು. ನನಗೆ ಪೂರ್ತಿ ಬೇಕು.”

ಭಾನುವಾರ ಬೆಳಿಗ್ಗೆ ಕಿಟಕಿಯ ಹೊರಗೆ ಊರೇ ನೆರೆದಿತ್ತು. ಹಾಲಪ್ಪನವರು ಹಾರ ಹಾಕಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಕತ್ತರಿ ಹಿಡಿದು ಸಿದ್ಧರಾಗಿದ್ದರು. ಗೋಪಾಲ ಭಟ್ಟರು ಹಳೆ ಬಾಣಲೆಯ ಕೆಳಗೆ ಬೆಂಕಿ ಹಾಕಿದ್ದರು. ನಾನು ಹಾಲಿನ ಬಾಗಿಲಲ್ಲೇ ನಿಂತಿದ್ದೆ. ಅನುವಾದ ಮಾಡಿಕೊಟ್ಟವನಿಗೆ ಅಷ್ಟು ಅಧಿಕಾರವಿದೆ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಕುಮುದಮ್ಮ ಸೆರಗು ಸೊಂಟಕ್ಕೆ ಸಿಗಿಸಿ ಕೂತರು. ಮೂರ್ತಿಗಳು ಪಕ್ಕದಲ್ಲಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಆಪರೇಷನ್ನಿಗೆ ಹೊರಟವರ ಮುಖ ಮಾಡಿಕೊಂಡು ಕೂತಿದ್ದರು.

ಕುಮುದಮ್ಮ ನುಡಿಸಿದರು. ಮೊದಲ ಪಾಠ ನಮಗೆಲ್ಲ ಗೊತ್ತಿದ್ದದ್ದೇ, ಅದು ನಿಂತಿದ್ದ ಜಾಗ ದಾಟಿದಾಗ ಹೊರಗಿನ ಜನ ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲಿನದು ನಾವು ಯಾರೂ ಕೇಳದಿದ್ದದ್ದು. ಎಡಗೈ ದಾಟುವ ಕಡೆಯಲ್ಲೆಲ್ಲ ಮೂರ್ತಿಗಳ ತುಟಿ ಅಲುಗುತ್ತಿತ್ತು, ಉಸಿರು ಬಿಡು, ಉಸಿರು ಬಿಡು ಎಂದು. ಕುಮುದಮ್ಮ ಎಲ್ಲೂ ಎಡವಲಿಲ್ಲ. ಕಟ್ಟಕಡೆಯ ಜಾಗಕ್ಕೆ ಬಂದು ಹತ್ತೂ ಬೆರಳು ಅಗಲಿಸಿ ಒತ್ತಿ ಹಿಡಿದರು. ಮೂರ್ತಿಗಳು ಬಲತುದಿಯ ಕೀಯ ಮೇಲೆ ಬೆರಳು ತಂದರು. ಒತ್ತಲಿಲ್ಲ.

ಸ್ವರಗಳು ಹಾಲಿನೊಳಗೆ ತುಂಬಿ ನಿಧಾನವಾಗಿ ಇಳಿಯತೊಡಗಿದವು. ಅವು ಪೂರ್ತಿ ಅಡಗಿದರೆ ರಾಗ ಮತ್ತೆ ಅರ್ಧಕ್ಕೆ ಬಿಟ್ಟಂತೆ, ಹೊರಗೆ ನಿಂತವರೆಲ್ಲ ಇನ್ನೊಂದು ಸಲ ಸಿಕ್ಕಿಬೀಳುತ್ತಾರೆ. ಹೊರಗೆ ಯಾರೋ ದೇವರ ಹೆಸರು ಹೇಳಿದರು. ಮೂರ್ತಿಗಳ ಬೆರಳು ಬಿಳಿಯ ಕೀಯನ್ನು ಮುಟ್ಟಿಕೊಂಡು ಹಾಗೇ ಇತ್ತು, ಕಣ್ಣಲ್ಲಿ ನೀರು ತುಂಬಿತ್ತು. ಕುಮುದಮ್ಮ ಕೈ ಅಲುಗಿಸದೆ, ಕತ್ತು ಮಾತ್ರ ತಿರುಗಿಸಿ ಅವರನ್ನು ನೋಡಿದರು. ಕಣ್ಣು ತೆಗೆಯದೆ ನೋಡಿದರು. ಸದ್ದು ಎಳೆಯಷ್ಟು ಉಳಿದಿದ್ದಾಗ ಮೂರ್ತಿಗಳು ಒತ್ತಿದರು.

ನನ್ನ ಹಿಮ್ಮಡಿ ಚಪ್ಪಲಿಯೊಳಗೆ ಜಾರಿ ಕೂತಿತು. ಬಸ್ ಸ್ಟ್ಯಾಂಡಿನ ಕಡೆಯಿಂದ ಚಪ್ಪಾಳೆಯೂ, ಅದರ ಹಿಂದೆಯೇ ಜನ ಓಡುವ ಸದ್ದೂ ಬಂತು. ಹೋಟೆಲಿನಿಂದ ಬೋಂಡಾ ಕೆಂಪಗಾಗುವ ವಾಸನೆ ಬಂತು. ಮೂರ್ತಿಗಳ ಬಾಯಿ ತಾನಾಗಿಯೇ ತೆರೆಯಿತು. ಹೊರಟ ದನಿ ಈಗಿನದಲ್ಲ, ಮಳೆಗಾಲದ ಆ ಬೆಳಿಗ್ಗೆಯದು. ಗಟ್ಟಿ, ಒಣಗಿದ ದನಿ.

“ಎಷ್ಟು ನೆಮ್ಮದಿಯಾಗಿ ಇರ್ತಿದ್ದೆ.”

ಕಿಟಕಿಯ ಹತ್ತಿರ ನಿಂತವರೆಲ್ಲ ಕೇಳಿಸಿಕೊಂಡರು. ಒಬ್ಬೊಬ್ಬರಾಗಿ, ಬೋಂಡಾ ನೋಡುವ ನೆಪ ಹೇಳಿ ಜಾಗ ಖಾಲಿ ಮಾಡಿದರು. ನಾನೂ ಹೋಗಬೇಕಿತ್ತು, ಚಪ್ಪಲಿ ಸರಿಯಾಗಿತ್ತು, ಉಳಿಯಲು ನೆಪವಿರಲಿಲ್ಲ. ಆದರೆ ಹೋಗಲಿಲ್ಲ, ಬಾಗಿಲ ಹಿಂದೆ ಸರಿದು ನಿಂತೆ. ಮೂರ್ತಿಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು, ಹೊರಗೆ ಬಿದ್ದದ್ದನ್ನು ಒಳಗೆ ಹಾಕುವ ಹಾಗಿದ್ದರೆ ಹಾಕುತ್ತಿದ್ದರೋ ಏನೋ. ಕುಮುದಮ್ಮ ಹತ್ತು ಬೆರಳನ್ನೂ ಒಂದೊಂದಾಗಿ ಎತ್ತಿದರು, ಮಡಿಲಲ್ಲಿ ಇಟ್ಟುಕೊಂಡು ಉಜ್ಜಿಕೊಂಡರು.

“ಇದೇ ಮಾತನ್ನ ನಾನೂ ಎಷ್ಟು ಸಲ ಅಂದ್ಕೊಂಡಿದೀನಿ ಗೊತ್ತಾ” ಎಂದರು. “ಬಾಯಿ ಬಿಟ್ಟು ಶುರು ಮಾಡಲಿಲ್ಲ, ಅಷ್ಟೇ.”

ಮೂರ್ತಿಗಳು ಬಾಯಿಂದ ಕೈ ತೆಗೆದರು. ಹಳೆಯ ಮೂರ್ತಿಗಳಾಗಿದ್ದರೆ ಅಲ್ಲಿಗೇ ಎದ್ದು ಪೇಪರು ಹಿಡಿಯುತ್ತಿದ್ದರು. ಇವರು, ಈಗಲೂ ಅಂದ್ಕೊಳ್ತೀಯಾ ಎಂದು ಕೇಳಿದರು. ಅಷ್ಟು ಮೆಲ್ಲಗೆ ಕೇಳಿದರೆಂದರೆ ನಾನು ಬಾಗಿಲಿಗೆ ಕಿವಿ ಹಚ್ಚಬೇಕಾಯಿತು.

“ಇವತ್ತು ಬೆಳಿಗ್ಗೆವರೆಗೂ ಅಂದ್ಕೊಂಡಿದ್ದೆ” ಎಂದರು ಕುಮುದಮ್ಮ. “ಆ ಕೊನೇದನ್ನ ಒತ್ತೋಕೆ ನಿಮಗೆ ಮನಸ್ಸು ಬರಲಿಲ್ವಲ್ಲ, ಅಲ್ಲಿವರೆಗೂ.”